ಕಳುಹಿಸುವ ಮುನ್ನ, ಶಿಕ್ಷಿಸುವ ಮುನ್ನ: ಸಾಮಾಜಿಕ ಜಾಲತಾಣ, ಕಾನೂನು ಮತ್ತು ಉದ್ಯೋಗ

2019ರ ಡಿಸೆಂಬರ್ ತಿಂಗಳಲ್ಲಿ ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಉಡುಪಿ ಜಿಲ್ಲೆಯ ಒಬ್ಬರನ್ನು ಅಲ್ಲಿನ ಪೊಲೀಸರು ಬಂಧಿಸಿದರು. ಅವರ ಹೆಸರಿನಲ್ಲಿದ್ದ ಫೇಸ್‌ಬುಕ್ ಖಾತೆಯಲ್ಲಿ ಆ ದೇಶದ ಆಡಳಿತಗಾರರನ್ನೂ ಇಸ್ಲಾಂ ಧರ್ಮದ ಪವಿತ್ರ ಸ್ಥಳವನ್ನೂ ಅವಹೇಳನ ಮಾಡುವ ಬರಹ ಕಾಣಿಸಿಕೊಂಡಿತ್ತು. ಅದು ತನ್ನ ಗಂಡ ಬರೆದದ್ದಲ್ಲ, ಅವರ ಹೆಸರಿನಲ್ಲಿ ಯಾರೋ ನಕಲಿ ಖಾತೆ ತೆರೆದಿದ್ದಾರೆ ಎಂದು ಊರಿನಲ್ಲಿದ್ದ ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ನಡೆದು 2020ರ ಅಕ್ಟೋಬರಿನಲ್ಲಿ ನೆರೆಯ ದಕ್ಷಿಣ ಕನ್ನಡ ಜಿಲ್ಲೆಯ ಇಬ್ಬರು ಬಂಧಿತರಾದರು. ಆದರೂ ಆ ವ್ಯಕ್ತಿ ಬಿಡುಗಡೆಯಾಗಿ ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ತಾನು ಬರೆಯದ ಒಂದು ಬರಹಕ್ಕಾಗಿ ಅವರು ಸುಮಾರು 20 ತಿಂಗಳು ಕಳೆದುಕೊಂಡರು.

ಈ ಘಟನೆಯಲ್ಲಿ ಇಬ್ಬರಿಗೂ ಪಾಠವಿದೆ. ಬೆರಳ ತುದಿಯಲ್ಲಿ ಏನನ್ನೋ ಬರೆದು ಕಳುಹಿಸುವವನಿಗೆ ಅದರ ಪರಿಣಾಮ ಎಷ್ಟು ದೂರ ಹೋಗುತ್ತದೆ ಎಂಬ ಪಾಠ. ಬರಹವನ್ನು ನೋಡಿದ ಕೂಡಲೇ ತೀರ್ಪು ಕೊಡುವವನಿಗೆ, ಅದನ್ನು ಬರೆದವರು ನಿಜವಾಗಿ ಯಾರು ಎಂದು ಮೊದಲು ನೋಡಬೇಕೆಂಬ ಪಾಠ. ನಮ್ಮ ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವವರೂ ಅವುಗಳನ್ನು ನಡೆಸುವವರೂ ಈ ಎರಡು ಪಾಠಗಳನ್ನು ಒಟ್ಟಿಗೆ ಕಲಿಯಬೇಕಾಗಿದೆ. ಆದುದರಿಂದ ಸಾಮಾಜಿಕ ಜಾಲತಾಣಗಳ ಬಳಕೆಯಿಂದ ಹುಟ್ಟುವ ಕಾನೂನಿನ ಹಾಗೂ ಉದ್ಯೋಗದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಕ್ರಮವಾಗಿ ಕೊಡುತ್ತಿದ್ದೇವೆ. ಇದು ವಕೀಲರ ಸಲಹೆಗೆ ಬದಲಿಯಲ್ಲ; ವಕೀಲರ ಬಳಿಗೆ ಯಾವಾಗ ಹೋಗಬೇಕು, ಹೋಗುವಾಗ ಏನನ್ನು ಕೈಯಲ್ಲಿ ಹಿಡಿದಿರಬೇಕು ಎಂದು ತಿಳಿಯುವುದಕ್ಕೆ ಸಾಕಾಗುವಷ್ಟು ಮಾತ್ರ.

1. 66ಎ ಹೋಯಿತು, ಕಾನೂನು ಹೋಗಲಿಲ್ಲ

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ನೇ ಇಸವಿಯದು. 2008ರ ತಿದ್ದುಪಡಿಯಲ್ಲಿ ಅದಕ್ಕೆ 66ಎ ಎಂಬ ಕಲಂ ಸೇರಿತು. ಅಂತರ್ಜಾಲದಲ್ಲಿ ಇತರರಿಗೆ ಕಿರಿಕಿರಿ ಅಥವಾ ತೊಂದರೆ ಉಂಟುಮಾಡುವ ಸಂದೇಶ ಕಳುಹಿಸಿದರೆ ಮೂರು ವರ್ಷಗಳವರೆಗೆ ಜೈಲು ಎಂದು ಅದು ಹೇಳುತ್ತಿತ್ತು. ಕಿರಿಕಿರಿ ಎಂದರೆ ಏನು ಎಂಬುದಕ್ಕೆ ಅಳತೆ ಇರಲಿಲ್ಲ. 2012ರ ನವೆಂಬರಿನಲ್ಲಿ ಬಾಳ ಠಾಕ್ರೆಯವರ ನಿಧನದ ನಂತರ ಮುಂಬಯಿ ಬಂದ್ ಆದುದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ದೇಶದಾದ್ಯಂತ ಆಕ್ಷೇಪ ಎದ್ದಿತು. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಾಲಯವು 66ಎ ಕಲಮನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು.

ರದ್ದಾದ ಮೇಲೂ ಹಲವು ಠಾಣೆಗಳಲ್ಲಿ ಈ ಕಲಂ ಅಡಿ ಮೊಕದ್ದಮೆ ದಾಖಲಾಗುತ್ತಲೇ ಇತ್ತು. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಹೊರಡಿಸಿ, ಯಾರನ್ನೂ 66ಎ ಅಡಿಯಲ್ಲಿ ವಿಚಾರಣೆಗೆ ಗುರಿಪಡಿಸಬಾರದೆಂದು ಹೇಳಬೇಕಾಯಿತು. ನಿಮ್ಮ ಮನೆಯ ಯಾರ ಮೇಲಾದರೂ ಈ ಕಲಂ ಹಾಕಲಾಗಿದ್ದರೆ ಇದನ್ನು ವಕೀಲರ ಗಮನಕ್ಕೆ ತನ್ನಿರಿ.

ಆದರೆ 66ಎ ಹೋದುದರಿಂದ ಜಾಲತಾಣದಲ್ಲಿ ಏನು ಬೇಕಾದರೂ ಬರೆಯಬಹುದೆಂದು ತಿಳಿಯುವುದು ದೊಡ್ಡ ತಪ್ಪು. ಬಾಯಿಮಾತಿಗೂ ಮುದ್ರಿತ ಬರಹಕ್ಕೂ ಇರುವ ಕಾನೂನುಗಳೆಲ್ಲ ಮೊಬೈಲ್ ಬರಹಕ್ಕೂ ಅನ್ವಯಿಸುತ್ತವೆ.

2. ಇಂದು ಅನ್ವಯಿಸುವ ಮುಖ್ಯ ಕಲಂಗಳು

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ ಕಲಂ ಸಂಖ್ಯೆಗಳೇ ಬಾಯಿಪಾಠವಾಗಿರುವವರಿಗಾಗಿ ಎರಡನ್ನೂ ಕೊಟ್ಟಿದ್ದೇವೆ.

ಮಾನಹಾನಿ: ಕಲಂ 356, ಹಿಂದಿನ 499 ಮತ್ತು 500. ಎರಡು ವರ್ಷಗಳವರೆಗೆ ಸಾದಾ ಸಜೆ, ದಂಡ, ಇವೆರಡೂ, ಅಥವಾ ಸಮುದಾಯ ಸೇವೆ. ಮಾತು ಸತ್ಯವಾಗಿದ್ದರೆ ಮಾತ್ರ ಸಾಲದು, ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಇದಲ್ಲದೆ ನಷ್ಟ ಪರಿಹಾರಕ್ಕಾಗಿ ಸಿವಿಲ್ ದಾವೆಯನ್ನೂ ಹೂಡಬಹುದು. ಅದಕ್ಕೆ ಕಾಲಮಿತಿ ಒಂದು ವರ್ಷ.

ಮತಗಳ ನಡುವೆ ವೈರ ಬೆಳೆಸುವುದು: ಕಲಂ 196, ಹಿಂದಿನ 153ಎ. ಮೂರು ವರ್ಷಗಳವರೆಗೆ ಶಿಕ್ಷೆ. ಪೂಜಾಸ್ಥಳದಲ್ಲಿ ನಡೆದರೆ ಐದು ವರ್ಷಗಳವರೆಗೆ. ಎಲೆಕ್ಟ್ರಾನಿಕ್ ಸಂವಹನದ ಮೂಲಕ ಮಾಡುವುದೂ ಇದರಲ್ಲಿ ಸೇರಿದೆ ಎಂದು ಹೊಸ ಸಂಹಿತೆ ಸ್ಪಷ್ಟವಾಗಿ ಹೇಳಿದೆ.

ಧಾರ್ಮಿಕ ಭಾವನೆಗಳನ್ನು ದುರುದ್ದೇಶದಿಂದ ಕೆರಳಿಸುವುದು: ಕಲಂ 299, ಹಿಂದಿನ 295ಎ. ಮೂರು ವರ್ಷಗಳವರೆಗೆ.

ಸುಳ್ಳು ಸುದ್ದಿ ಹಬ್ಬಿಸಿ ಸಾರ್ವಜನಿಕ ಶಾಂತಿ ಕದಡುವುದು: ಕಲಂ 353, ಹಿಂದಿನ 505.

ಬೆದರಿಕೆ: ಕಲಂ 351. ಹೆಸರು ಮರೆಮಾಚಿ ಬೆದರಿಸಿದರೆ ಶಿಕ್ಷೆ ಹೆಚ್ಚುತ್ತದೆ.

ಮಹಿಳೆಯನ್ನು ಅಂತರ್ಜಾಲದಲ್ಲಿ ಹಿಂಬಾಲಿಸಿ ಕಾಡುವುದು: ಕಲಂ 78. ಬೇಡವೆಂದ ಮೇಲೂ ಮತ್ತೆ ಮತ್ತೆ ಸಂದೇಶ ಕಳುಹಿಸುವುದು ಇದರ ವ್ಯಾಪ್ತಿಗೆ ಬರಬಹುದು.

ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ: ಬೇರೆಯವರ ಪಾಸ್‌ವರ್ಡ್ ಮುಂತಾದ ಗುರುತುಗಳ ಕಳವು 66ಸಿ, ಬೇರೆಯವರಂತೆ ನಟಿಸಿ ವಂಚಿಸುವುದು 66ಡಿ, ಒಪ್ಪಿಗೆಯಿಲ್ಲದೆ ದೇಹದ ಖಾಸಗಿ ಭಾಗದ ಚಿತ್ರ ತೆಗೆಯುವುದು ಅಥವಾ ಕಳುಹಿಸುವುದು 66ಇ. ಈ ಮೂರಕ್ಕೂ ಮೂರು ವರ್ಷಗಳವರೆಗೆ ಶಿಕ್ಷೆ. ಅಶ್ಲೀಲ ಸಾಮಗ್ರಿಗೆ 67 ಮತ್ತು 67ಎ. ಮಕ್ಕಳ ಅಶ್ಲೀಲ ಚಿತ್ರಗಳಿಗೆ 67ಬಿ. ಮೊದಲ ಅಪರಾಧಕ್ಕೇ ಐದು ವರ್ಷಗಳವರೆಗೆ ಜೈಲು ಮತ್ತು ಹತ್ತು ಲಕ್ಷ ರೂಪಾಯಿವರೆಗೆ ದಂಡ.

ಕೊನೆಯದರ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಮಗುವೊಂದರ ಮೇಲೆ ದೌರ್ಜನ್ಯ ನಡೆದ ಚಿತ್ರ ಕೈಗೆ ಬಂದಾಗ ಸಿಟ್ಟಿನಿಂದ, "ಇವನನ್ನು ಹಿಡಿಯಿರಿ" ಎಂದು ಬರೆದು ಹತ್ತು ಗುಂಪುಗಳಿಗೆ ಕಳುಹಿಸುವವರಿದ್ದಾರೆ. ಉದ್ದೇಶ ಒಳ್ಳೆಯದಿರಬಹುದು. ಆದರೆ ಆ ಚಿತ್ರವನ್ನು ಹಂಚುವುದೇ ಅಪರಾಧ, ಮತ್ತು ಆ ಮಗುವಿಗೆ ಮಾಡುವ ಎರಡನೇ ಅನ್ಯಾಯ. ಅದನ್ನು ಯಾರಿಗೂ ಕಳುಹಿಸದೆ ನೇರವಾಗಿ ಪೊಲೀಸರಿಗೆ ತಿಳಿಸಬೇಕು.

3. ಲೈಕ್, ಫಾರ್ವರ್ಡ್, ಅಡ್ಮಿನ್

"ನಾನು ಬರೆದದ್ದಲ್ಲ ಫಾದರ್, ಬಂದದ್ದನ್ನು ಹಾಗೇ ಕಳುಹಿಸಿದೆ." ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನ್ಯಾಯಾಲಯಗಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ.

ತಮಿಳುನಾಡಿನ ನಟ ಹಾಗೂ ಮಾಜಿ ಶಾಸಕ ಎಸ್.ವಿ. ಶೇಖರ್ ಅವರು ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ಚಿತ್ರಿಸಿದ ಬರಹವೊಂದನ್ನು 2018ರಲ್ಲಿ ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಅದು ಬೇರೆಯವರಿಂದ ಬಂದ ಬರಹ, ತಾನು ಓದದೆ ಹಂಚಿದೆ, ಆಮೇಲೆ ಅಳಿಸಿ ಕ್ಷಮೆಯನ್ನೂ ಕೇಳಿದ್ದೇನೆ ಎಂಬುದು ಅವರ ವಾದ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಮೊಕದ್ದಮೆ ರದ್ದುಪಡಿಸಲು ನಿರಾಕರಿಸಿತು. ಸುಪ್ರೀಂ ಕೋರ್ಟ್ ಕೂಡಾ ಮಧ್ಯೆ ಪ್ರವೇಶಿಸಲಿಲ್ಲ. ಮರುವರ್ಷ ವಿಶೇಷ ನ್ಯಾಯಾಲಯ ಅವರಿಗೆ ಒಂದು ತಿಂಗಳ ಸಜೆ ವಿಧಿಸಿತು. 2024ರ ಫೆಬ್ರವರಿಯಲ್ಲಿ ಅರವಿಂದ ಕೇಜ್ರಿವಾಲ್ ಅವರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಮಾನಹಾನಿಕರ ವಿಷಯವನ್ನು ಮರುಹಂಚುವುದು ಕೂಡಾ ಮಾನಹಾನಿಯೇ ಆಗಬಹುದೆಂದು ಹೇಳಿತು.

ಲೈಕ್ ಒತ್ತುವುದು ಬೇರೆ. 2023ರಲ್ಲಿ ಅಲಹಾಬಾದ್ ಹೈಕೋರ್ಟ್, ಒಂದು ಬರಹವನ್ನು ಲೈಕ್ ಮಾಡಿದ ಮಾತ್ರಕ್ಕೆ ಅದನ್ನು ಪ್ರಕಟಿಸಿದಂತಾಗುವುದಿಲ್ಲ, ಹಂಚಿದರೆ ಮಾತ್ರ ಆಗುತ್ತದೆ ಎಂದು ವಿವರಿಸಿತು. ಅದು 67ನೇ ಕಲಮಿನ ಸಂದರ್ಭದಲ್ಲಿ ಬಂದ ಮಾತು ಎಂಬುದನ್ನು ನೆನಪಿಡಬೇಕು.

ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್‌ಗಳ ಹೊಣೆಯ ಬಗ್ಗೆ ನಮ್ಮಲ್ಲಿ ಬಹಳ ಭಯವಿದೆ. ವಾಳೆಯ ಗುರಿಕಾರರು, ಗಾಯನ ಮಂಡಳಿಯವರು, ಯುವಸಂಘಟನೆಯವರು ಎಲ್ಲರೂ ಯಾವುದಾದರೊಂದು ಗುಂಪಿಗೆ ಅಡ್ಮಿನ್ ಆಗಿರುತ್ತಾರೆ. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಅವರನ್ನು ಅಪರಾಧಿಯನ್ನಾಗಿಸಲು ಸಾಧ್ಯವಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಮತ್ತು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅಡ್ಮಿನ್ ತಾನೂ ಅದರಲ್ಲಿ ಕೈಜೋಡಿಸಿದ್ದರೆ ಅಥವಾ ಮೊದಲೇ ಮಾತಾಡಿಕೊಂಡಿದ್ದರೆ ಮಾತು ಬೇರೆ. ಕಾನೂನಿನ ಹೊಣೆ ಇಲ್ಲದಿದ್ದರೂ ಕೆಟ್ಟ ಸಂದೇಶವನ್ನು ಕಂಡ ಕೂಡಲೇ ಅಳಿಸುವುದು, ಹಾಕಿದವರಿಗೆ ಖಾಸಗಿಯಾಗಿ ತಿಳಿಹೇಳುವುದು, ಮರುಕಳಿಸಿದರೆ ಗುಂಪಿನಿಂದ ತೆಗೆಯುವುದು ಅಡ್ಮಿನ್‌ನ ಕರ್ತವ್ಯ. ಪ್ರಕಟಣೆಗಳಿಗಾಗಿ ಇರುವ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡುವುದು ಇನ್ನೂ ಉತ್ತಮ.

4. ಸ್ಕ್ರೀನ್‌ಶಾಟ್ ನೋಡಿ ಕೆಲಸದಿಂದ ತೆಗೆಯಬಹುದೇ?

ಈಗ ನಮ್ಮ ಸಂಸ್ಥೆಗಳ ಒಳಗಿನ ಪ್ರಶ್ನೆಗೆ ಬರೋಣ. ನಮ್ಮದೇ ಒಂದು ತಪ್ಪನ್ನು ಹೇಳಿ ಆರಂಭಿಸುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಾವು ಒಂದು ಶಾಲೆಯ ಆಡಳಿತ ಸಮಿತಿಯ ಸದಸ್ಯರಾಗಿದ್ದೆವು. ಒಂದು ಸಂಜೆ ಸಂಚಾಲಕರು ತುರ್ತು ಸಭೆ ಕರೆದರು. ಶಿಕ್ಷಕಿಯೊಬ್ಬರು ಪೋಷಕರ ಗುಂಪಿನಲ್ಲಿ ಶಾಲೆಯ ಬಗ್ಗೆ ಕೀಳಾಗಿ ಬರೆದಿದ್ದಾರೆ ಎಂಬ ಸ್ಕ್ರೀನ್‌ಶಾಟ್ ಎಲ್ಲರ ಮೊಬೈಲಿಗೂ ಬಂದಿತ್ತು. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು, ನಾವೂ ತಲೆಯಾಡಿಸಿದೆವು. ಮರುದಿನ ಬೆಳಿಗ್ಗೆ ಟೀಚರ್ ರಾಜೀನಾಮೆ ಬರೆದುಕೊಟ್ಟರು. ಒಂದು ವಾರದ ನಂತರ ಪೋಷಕರೊಬ್ಬರು ಆ ಇಡೀ ಸಂಭಾಷಣೆಯನ್ನು ತಂದು ತೋರಿಸಿದರು. ಬೇರೊಬ್ಬರು ಬರೆದ ಮಾತನ್ನು ಉಲ್ಲೇಖಿಸಿ, "ಹೀಗೆ ಬರೆಯುವುದು ಸರಿಯಲ್ಲ" ಎಂದು ಟೀಚರ್ ಶಾಲೆಯ ಪರವಾಗಿ ಉತ್ತರಿಸಿದ್ದರು. ಸ್ಕ್ರೀನ್‌ಶಾಟ್ ತೆಗೆದವರು ಕೊನೆಯ ಸಾಲನ್ನು ಕತ್ತರಿಸಿದ್ದರು. ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು, ಮರಳಿ ಬನ್ನಿ ಎಂದೆವು. ಅವರು ಚಹಾ ಕೊಟ್ಟರು, ಆದರೆ ಮರಳಿ ಬರಲಿಲ್ಲ. "ಒಂದು ಸಲ ನನ್ನನ್ನು ಕರೆದು ಕೇಳಬಹುದಿತ್ತು ಫಾದರ್" ಎಂದರು. ಆ ಮಾತಿಗೆ ನಮ್ಮಲ್ಲಿ ಇಂದಿಗೂ ಉತ್ತರವಿಲ್ಲ.

ಕಾನೂನು ಕೇಳುವುದು ಕೂಡಾ ಅದನ್ನೇ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ, ಆ ಕಾಯ್ದೆಗೆ ಒಳಪಟ್ಟ ಖಾಸಗಿ ಸಂಸ್ಥೆಯ ಉದ್ಯೋಗಿಯನ್ನು ವಿಚಾರಣೆ ನಡೆಸದೆ ವಜಾಗೊಳಿಸುವಂತಿಲ್ಲ. ವಜಾಗೊಂಡವರು 94ನೇ ಕಲಂ ಅಡಿಯಲ್ಲಿ ಮೂರು ತಿಂಗಳ ಒಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಬಲವಂತದಿಂದ ಬರೆಸಿಕೊಂಡ ರಾಜೀನಾಮೆ ಅಲ್ಲಿ ನಿಲ್ಲುವುದು ಕಷ್ಟ.

"ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ನಮಗೆ ಇದು ಅನ್ವಯಿಸದು" ಎಂಬ ಮಾತನ್ನು ಕೆಲವರು ಆಡುತ್ತಾರೆ. ನಮ್ಮ ಕರಾವಳಿಯ ಮಣಿಪಾಲದ ಹೆಸರಿನಲ್ಲೇ ಪ್ರಸಿದ್ಧವಾದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ 2002ರ ಅಕ್ಟೋಬರ್ 31ರಂದು ತೀರ್ಪು ನೀಡಿತು. ಸಂವಿಧಾನದ 30ನೇ ವಿಧಿ ಕೊಡುವ ಆಡಳಿತದ ಹಕ್ಕನ್ನು ಅದು ಎತ್ತಿಹಿಡಿದಿದೆ. ಖಾಸಗಿ ಸಂಸ್ಥೆ ತನ್ನ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಕೈಗೊಳ್ಳಬಹುದು, ಅದಕ್ಕೆ ಸರಕಾರದ ಪೂರ್ವಾನುಮತಿ ಬೇಕಿಲ್ಲ, ಆದರೆ ಆಂತರಿಕ ವಿಚಾರಣೆ ನಡೆಯಬೇಕು ಎಂದೂ ಹೇಳಿದೆ. ಆಡಳಿತದ ಹಕ್ಕು ಅನ್ಯಾಯ ಮಾಡುವ ಹಕ್ಕಲ್ಲ.

ವಿಚಾರಣೆ ಎಂದರೆ ದೊಡ್ಡ ನ್ಯಾಯಾಲಯವೇನಲ್ಲ. ಆರೋಪವನ್ನು ಬರಹದಲ್ಲಿ ತಿಳಿಸುವುದು, ಆಧಾರವಾಗಿ ಇಟ್ಟುಕೊಂಡ ಸಂದೇಶದ ಪ್ರತಿಯನ್ನು ಕೊಡುವುದು, ಉತ್ತರಕ್ಕೆ ಸಮಯ ಕೊಡುವುದು, ದೂರು ಕೊಟ್ಟವರೇ ತೀರ್ಪುಗಾರರಾಗದಂತೆ ನೋಡುವುದು, ತಪ್ಪಿಗೆ ತಕ್ಕ ಶಿಕ್ಷೆಯನ್ನೇ ಕೊಡುವುದು. ಎಚ್ಚರಿಕೆಯ ಪತ್ರ ಸಾಕಾಗುವ ಕಡೆ ವಜಾ ಆದೇಶ ಬೇಡ.

ಶಿಕ್ಷಕರು ಕಾರ್ಮಿಕ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಗೋವಾದ ಶಾಲೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಅವರಿಗೆ ಶಿಕ್ಷಣ ಕಾಯ್ದೆಯೇ ರಕ್ಷಣೆ. ಆಸ್ಪತ್ರೆ, ಮುದ್ರಣಾಲಯ ಮುಂತಾದ ಕಡೆ ದುಡಿಯುವ ಇತರ ಸಿಬ್ಬಂದಿಗೆ ಕಾರ್ಮಿಕ ಕಾನೂನು ಅನ್ವಯಿಸಬಹುದು. 2025ರ ನವೆಂಬರ್ 21ರಿಂದ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಬದಲು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ ಎಂಬುದನ್ನು ಸಂಸ್ಥೆಗಳ ಮುಖ್ಯಸ್ಥರು ಗಮನಿಸಬೇಕು.

5. ಉದ್ಯೋಗಿ ಎಲ್ಲಿಯವರೆಗೆ ಬರೆಯಬಹುದು?

ಇದಕ್ಕೆ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 2020ರ ಜನವರಿಯಲ್ಲಿ ತ್ರಿಪುರಾ ಹೈಕೋರ್ಟ್, ಸರಕಾರಿ ನೌಕರರಿಗೂ ಫೇಸ್‌ಬುಕ್‌ನಲ್ಲಿ ಅಭಿಪ್ರಾಯ ಹೇಳುವ ಮೂಲಭೂತ ಹಕ್ಕಿದೆ, ಅದಕ್ಕೆ ಸೇವಾ ನಿಯಮಗಳ ಮಿತಿ ಮಾತ್ರ ಇದೆ ಎಂದು ಹೇಳಿ ನೌಕರರೊಬ್ಬರ ಮೇಲಿನ ಇಲಾಖಾ ಕ್ರಮವನ್ನು ರದ್ದುಪಡಿಸಿತು. 2023ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್, ವೇತನ ವಿವಾದದ ಸಮಯದಲ್ಲಿ ಆಡಳಿತದ ವಿರುದ್ಧ ಇತರರನ್ನು ಕೆರಳಿಸುವಂತೆ ಫೇಸ್‌ಬುಕ್‌ನಲ್ಲಿ ಬರೆದ ಕಾರ್ಖಾನೆಯ ಕಾರ್ಮಿಕನೊಬ್ಬನ ವಜಾ ಸರಿಯೆಂದು ಹೇಳಿತು.

ಇವುಗಳಿಂದ ಸಾಮಾನ್ಯ ಉದ್ಯೋಗಿ ತಿಳಿಯಬೇಕಾದುದು ಇಷ್ಟು. ಅಭಿಪ್ರಾಯಕ್ಕೆ ರಕ್ಷಣೆ ಇದೆ. ದ್ವೇಷಕ್ಕೆ, ಬೆದರಿಕೆಗೆ, ಸುಳ್ಳಿಗೆ, ಸಂಸ್ಥೆಯ ಗೋಪ್ಯ ವಿಷಯಗಳನ್ನು ಹೊರಗೆಡಹುವುದಕ್ಕೆ ಇಲ್ಲ. "ಸಂಬಳ ಸಕಾಲದಲ್ಲಿ ಸಿಗುತ್ತಿಲ್ಲ" ಎಂದು ಆಡಳಿತಕ್ಕೆ ಬರೆಯುವುದು ಹಕ್ಕು. ಮುಖ್ಯೋಪಾಧ್ಯಾಯಿನಿಯವರ ಶೀಲದ ಬಗ್ಗೆ ಗುಂಪಿನಲ್ಲಿ ಬರೆಯುವುದು ಅಪರಾಧವಾಗಬಹುದು. ಮನೆಯಲ್ಲಿ ಕುಳಿತು, ರಜೆಯ ದಿನ, ಸ್ವಂತ ಮೊಬೈಲಿನಿಂದ ಬರೆದೆ ಎಂಬ ಕಾರಣಕ್ಕೆ ಮಾತ್ರ ಯಾರೂ ಪಾರಾಗುವುದಿಲ್ಲ.

ಸಂಸ್ಥೆಯ ಮುಖ್ಯಸ್ಥರಿಗೂ ಒಂದು ಮಿತಿ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತಿದೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಿಬ್ಬಂದಿಯ ಸ್ವಂತ ಮೊಬೈಲನ್ನು ಕಿತ್ತುಕೊಂಡು ನೋಡುವುದು, ಪಾಸ್‌ವರ್ಡ್ ಕೇಳುವುದು, ಗಂಡ ಹೆಂಡಿರ ಸಂದೇಶಗಳನ್ನು ಓದುವುದು ಯಾವ ಆಡಳಿತಕ್ಕೂ ಶೋಭಿಸುವ ಕೆಲಸವಲ್ಲ. ಕಾನೂನಿನ ತೊಡಕೂ ಬರಬಹುದು.

6. ಮಕ್ಕಳು ಮತ್ತು ರೋಗಿಗಳು

ಶಾಲಾ ವಾರ್ಷಿಕೋತ್ಸವದ, ಪ್ರಥಮ ಪರಮಪ್ರಸಾದದ ಫೋಟೋಗಳನ್ನು ಜಾಲತಾಣಕ್ಕೆ ಹಾಕುವುದು ಈಗ ವಾಡಿಕೆ. ಹಾಕುವ ಮುನ್ನ ಹೆತ್ತವರ ಲಿಖಿತ ಒಪ್ಪಿಗೆ ಪಡೆಯುವ ಕ್ರಮವನ್ನು ಎಲ್ಲ ಶಾಲೆಗಳೂ ಧರ್ಮಕೇಂದ್ರಗಳೂ ರೂಢಿಸಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆಯನ್ನು ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಸಂಸ್ಥೆಗಳು ಈ ಅವಧಿಯನ್ನು ಸಿದ್ಧತೆಗೆ ಬಳಸಿಕೊಳ್ಳಬೇಕು.

ಮಕ್ಕಳ ಆಶ್ರಮಗಳನ್ನು ನಡೆಸುವ ಧರ್ಮಭಗಿನಿಯರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದೆ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ರಕ್ಷಣೆ ಮತ್ತು ಪೋಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವಂತಹ ಹೆಸರು, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದು. ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾನಿಗಳು ಬಂದು ಮಕ್ಕಳೊಡನೆ ನಿಂತು ತೆಗೆಸಿಕೊಂಡ ಫೋಟೋ ಕೂಡಾ ಇದಕ್ಕೆ ಹೊರತಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ತಿಳಿಸದೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆಯಾಗಬಹುದು. "ಸಂಸ್ಥೆಯ ಹೆಸರು ಕೆಡುತ್ತದೆ" ಎಂಬುದು ಅಲ್ಲಿ ಉತ್ತರವಲ್ಲ. ಅದೇ ವೇಳೆ ಮಗುವಿನ ಹೆಸರನ್ನು ಯಾವ ಗುಂಪಿನಲ್ಲೂ ಆಡಬಾರದು.

ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕದಲ್ಲಿ ನಿಂತು ಸೆಲ್ಫಿ, ಶಸ್ತ್ರಚಿಕಿತ್ಸಾ ಕೊಠಡಿಯ ರೀಲ್ಸ್, ಅಪರೂಪದ ಎಕ್ಸ್‌ರೇ ಚಿತ್ರ ಇವೆಲ್ಲ ಜಾಲತಾಣಕ್ಕೆ ಹೋಗುತ್ತಿವೆ. ರೋಗಿಯ ಗುರುತು ಸಿಗುವಂತಹ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ವೈದ್ಯರು ಪ್ರಕಟಿಸಬಾರದೆಂದು ವೈದ್ಯಕೀಯ ವೃತ್ತಿಯ 2002ರ ನಡತೆ ನಿಯಮಗಳು ಹೇಳುತ್ತವೆ. ದಾದಿಯರೂ ಇತರ ಸಿಬ್ಬಂದಿಯೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ತಪ್ಪಾಗದು.

7. ಮಹಿಳಾ ಸಿಬ್ಬಂದಿಗೆ ಬರುವ ಸಂದೇಶಗಳು

ರಾತ್ರಿ ಹತ್ತು ಗಂಟೆಯ ನಂತರ ಮೇಲಧಿಕಾರಿಯಿಂದ ಬರುವ "ಮಲಗಿದಿರಾ?" ಎಂಬ ಸಂದೇಶ, ಗುಂಪಿನಲ್ಲಿ ಹಾಕುವ ಎರಡರ್ಥದ ಹಾಸ್ಯ, ಬೇಡದ ಚಿತ್ರಗಳು. ಇವನ್ನು ಸಹಿಸಿಕೊಂಡು ಸುಮ್ಮನಿರುವ ಎಷ್ಟೋ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಕೆಲಸ ಹೋದೀತೆಂಬ ಭಯ ಅವರದು. 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆ ಕಾಯ್ದೆಗೆ ಲೈಂಗಿಕ ಛಾಯೆಯ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಮಾತಿನಿಂದಾಗಲಿ ಮಾತಿಲ್ಲದೆಯಾಗಲಿ ನಡೆಯುವ ಇಷ್ಟವಿಲ್ಲದ ವರ್ತನೆ ಎಲ್ಲವೂ ಸೇರುತ್ತವೆ. ಅದು ಮೊಬೈಲಿನಲ್ಲಿ ಬಂದರೂ ಕಿರುಕುಳವೇ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿಯೇ ಅದರ ಅಧ್ಯಕ್ಷೆ. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ಹೊರಗಿನ ಒಬ್ಬ ಸದಸ್ಯರು. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮನೆಗೆಲಸದವರಿಗೂ ಈ ರಕ್ಷಣೆ ಇದೆ. ದೂರು ಕೊಡಲು ಮೂರು ತಿಂಗಳ ಅವಧಿ. ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಶಾಲೆ, ಆಸ್ಪತ್ರೆ, ಟ್ರಸ್ಟ್ ಎಲ್ಲವೂ ಈ ಕಾಯ್ದೆಯ ವ್ಯಾಪ್ತಿಯಲ್ಲಿವೆ. ನಮ್ಮ ಸಂಸ್ಥೆಯಲ್ಲಿ ಸಮಿತಿ ಕಾಗದದಲ್ಲಿ ಮಾತ್ರ ಇದೆಯೇ, ಅದರ ಸದಸ್ಯರ ಹೆಸರು ಸಿಬ್ಬಂದಿ ಕೊಠಡಿಯ ಗೋಡೆಯಲ್ಲಿದೆಯೇ ಎಂದು ಮುಖ್ಯಸ್ಥರು ಈ ವಾರವೇ ನೋಡಬೇಕು.

8. ಕೊಲ್ಲಿ ರಾಷ್ಟ್ರಗಳಲ್ಲಿರುವವರಿಗೆ

ಕರಾವಳಿಯ ಎಷ್ಟೋ ಮನೆಗಳಿಂದ ಯಾರಾದರೊಬ್ಬರು ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ. ಊರಿನ ಜಗಳವನ್ನು ಅಲ್ಲಿಂದ ಮೊಬೈಲಿನಲ್ಲಿ ಮುಂದುವರಿಸುವವರು ಅಲ್ಲಿನ ಕಾನೂನನ್ನು ಅರಿಯಬೇಕು. ಯುಎಇಯಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಸೈಬರ್ ಅಪರಾಧ ಕಾನೂನಿನಂತೆ ಅಂತರ್ಜಾಲದಲ್ಲಿ ಇನ್ನೊಬ್ಬರನ್ನು ನಿಂದಿಸಿದರೆ ಜೈಲು ಅಥವಾ 2,50,000ದಿಂದ 5,00,000 ದಿರ್ಹಮ್‌ವರೆಗೆ ದಂಡ. ಒಪ್ಪಿಗೆಯಿಲ್ಲದೆ ಬೇರೆಯವರ ಫೋಟೋ ತೆಗೆದು ಹಂಚುವುದೂ ಅಪರಾಧ. ಸೌದಿ ಅರೇಬಿಯಾದ 2007ರ ಕಾನೂನಿನಲ್ಲಿ ಸಾರ್ವಜನಿಕ ವ್ಯವಸ್ಥೆ ಅಥವಾ ಧಾರ್ಮಿಕ ಮೌಲ್ಯಗಳಿಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷಗಳವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ಕೆಲಸ ಹೋದರೆ ವೀಸಾ ಕೂಡಾ ಹೋಗುತ್ತದೆ. ಊರಿನ ಸಾಲ ಮಾತ್ರ ಉಳಿಯುತ್ತದೆ.

ನಕಲಿ ಖಾತೆಯ ಅಪಾಯವನ್ನು ಆರಂಭದಲ್ಲೇ ಹೇಳಿದ್ದೇವೆ. ಸೌದಿಯಲ್ಲಿ ಜೈಲು ಸೇರಿದ ಮಂಗಳೂರು ಕಡೆಯ ಇನ್ನೊಬ್ಬರ ವಿಷಯದಲ್ಲಿ ಅವರ ಹೆಂಡತಿ ಕರ್ನಾಟಕ ಹೈಕೋರ್ಟಿನ ಮೊರೆ ಹೋದರು. ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಕಾರ್ಯಾಚರಣೆಯನ್ನೇ ನಿಲ್ಲಿಸುವ ಆದೇಶವನ್ನು ಪರಿಗಣಿಸಬೇಕಾದೀತು ಎಂದು 2023ರ ಜೂನ್‌ನಲ್ಲಿ ನ್ಯಾಯಾಲಯ ಎಚ್ಚರಿಸಿತು. ನಿಮ್ಮ ಹೆಸರಿನಲ್ಲಿ ಬೇರೆ ಖಾತೆ ಇದೆಯೇ ಎಂದು ಆಗಾಗ ಹುಡುಕಿ ನೋಡಿ. ಕಂಡರೆ ಅದೇ ದಿನ ಊರಿನ ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪತ್ರ ಇಟ್ಟುಕೊಳ್ಳಿ.

9. ತೊಂದರೆ ಬಂದಾಗ ಮಾಡಬೇಕಾದುದು

ಒಂದು: ಸಂದೇಶವನ್ನು ಅಳಿಸಬೇಡಿ. ದಿನಾಂಕ, ಸಮಯ, ಕಳುಹಿಸಿದವರ ಸಂಖ್ಯೆ ಕಾಣುವಂತೆ ಪೂರ್ಣ ಸಂಭಾಷಣೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಮೊಬೈಲನ್ನು ಜೋಪಾನವಾಗಿಡಿ.

ಎರಡು: ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ನ್ಯಾಯಾಲಯ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಹಿಂದೆ ಇದು 65ಬಿ ಆಗಿತ್ತು. ವಕೀಲರನ್ನು ಬೇಗ ಕಾಣುವುದು ಇದಕ್ಕಾಗಿ.

ಮೂರು: ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಉಳಿದ ದೂರುಗಳನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಮಕ್ಕಳ ವಿಷಯವಾದರೆ 1098.

ನಾಲ್ಕು: ಜಾಲತಾಣದ ಕಂಪೆನಿಗೂ ದೂರು ಕೊಡಿ. 2021ರ ನಿಯಮಗಳಂತೆ ಪ್ರತಿ ಕಂಪೆನಿಗೂ ದೂರು ಅಧಿಕಾರಿ ಇರಬೇಕು.

ಐದು: ಗುಂಪಿನಲ್ಲಿ ಉತ್ತರಕ್ಕೆ ಉತ್ತರ ಕೊಡುತ್ತಾ ಹೋಗಬೇಡಿ. ಸಿಟ್ಟಿನಲ್ಲಿ ಬರೆದ ನಿಮ್ಮ ಮಾತೇ ನಾಳೆ ನಿಮ್ಮ ಮೇಲಿನ ಸಾಕ್ಷ್ಯವಾಗುತ್ತದೆ.

10. ಸಂಸ್ಥೆಗಳಿಗೆ ಒಂದು ಪುಟದ ನಿಯಮ

ಪ್ರತಿ ಶಾಲೆ, ಆಸ್ಪತ್ರೆ ಹಾಗೂ ಧರ್ಮಕೇಂದ್ರದ ಕಚೇರಿ ಜಾಲತಾಣ ಬಳಕೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟದ ನಿಯಮ ಬರೆದಿಡಬೇಕು. ಸಂಸ್ಥೆಯ ಹೆಸರಿನಲ್ಲಿ ಯಾರು ಬರೆಯಬಹುದು, ಯಾವ ವಿಷಯ ಗೋಪ್ಯ, ಮಕ್ಕಳ ಹಾಗೂ ರೋಗಿಗಳ ಫೋಟೋ ಹಾಕಲು ಯಾರ ಒಪ್ಪಿಗೆ ಬೇಕು, ಶಿಕ್ಷಕರು ಮಕ್ಕಳಿಗೆ ಖಾಸಗಿ ಸಂದೇಶ ಕಳುಹಿಸಬಹುದೇ, ಕೆಲಸದ ಸಂದೇಶ ಎಷ್ಟು ಗಂಟೆಯವರೆಗೆ, ದೂರು ಯಾರಿಗೆ, ತಪ್ಪಾದರೆ ವಿಚಾರಣೆ ಹೇಗೆ. ಇದನ್ನು ಸಿಬ್ಬಂದಿಯೊಡನೆ ಕುಳಿತು ಚರ್ಚಿಸಿ ಬರೆದು, ಪ್ರತಿಯೊಬ್ಬರಿಗೂ ಒಂದು ಪ್ರತಿ ಕೊಟ್ಟು ಸಹಿ ಪಡೆಯಬೇಕು. ನಿಯಮವನ್ನೇ ತಿಳಿಸದೆ ನಿಯಮ ಮುರಿದೆ ಎಂದು ಶಿಕ್ಷಿಸುವುದು ನ್ಯಾಯವಲ್ಲ.

ಕೊನೆಯದಾಗಿ, ಈ ಎಲ್ಲ ಕಲಂಗಳೂ ನೆನಪಿನಲ್ಲಿ ಉಳಿಯಬೇಕಾಗಿಲ್ಲ. ಕಳುಹಿಸುವವರು ಬೆರಳು ಒತ್ತುವ ಮುನ್ನ, "ಇದು ನಿಜವೆಂದು ನನಗೆ ಗೊತ್ತೇ?" ಎಂದು ಕೇಳಿಕೊಳ್ಳಲಿ. ಶಿಕ್ಷಿಸುವ ಅಧಿಕಾರ ಇರುವವರು ಸಹಿ ಹಾಕುವ ಮುನ್ನ, "ಅವರನ್ನು ಕರೆದು ಕೇಳಿದ್ದೇನೆಯೇ?" ಎಂದು ಕೇಳಿಕೊಳ್ಳಲಿ. ವಾಳೆಯ ಸಭೆಯಲ್ಲಿ, ಸಿಬ್ಬಂದಿ ಸಭೆಯಲ್ಲಿ ಈ ಬರಹವನ್ನು ಓದಿ ಚರ್ಚಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.